ಸಂಗೀತ ಸಭೆಯಲ್ಲಿ ಶಬ್ದದ ಸಂಚಾರ

ಸಂಗೀತ ಕಛೇರಿಗೆ ಹೋಗುವವನು ಅಲ್ಲಿ ಏನನ್ನು ಕೇಳಿ ಬರುತ್ತಾನೆ? ಗಾಯಕನ ಹಾಡನ್ನು ಎಂದು ಥಟ್ಟನೆ ಉತ್ತರ ಬಂದೀತು. ಆದರೆ ಅದೇ ಗಾಯಕ ಹಾಡಿದ ಅದೇ ಕೃತಿ ಆಕಾಶವಾಣಿಯಲ್ಲಿಯೂ ದೊರೆಯುತ್ತದೆ. ಈಗಂತೂ ಅಂಗೈಯಗಲದ ಮೊಬೈಲಿನಲ್ಲಿ ಬೇಕಾದಾಗ, ಬೇಕಾದಷ್ಟು ಸಲ ದೊರೆಯುತ್ತದೆ. ಹೀಗಿದ್ದರೂ ರಾಮನವಮಿ ಬಂತೆಂದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಚಪ್ಪರ ಏಳುತ್ತದೆ. ಜನ ಸಂಜೆಯ ಕೆಲಸಗಳನ್ನು ಬದಿಗಿಟ್ಟು ಅಲ್ಲಿಗೆ ನಡೆಯುತ್ತಾರೆ. ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳ ಏಳುತ್ತದೆ; ಸುತ್ತಲಿನ ಹಳ್ಳಿಗಳ ಜನ ನಿದ್ದೆಗೆಟ್ಟು ಅಲ್ಲಿ ಕುಳಿತಿರುತ್ತಾರೆ.

ಇದಕ್ಕೆ ರಸಿಕರು ಹೇಳುವ ಕಾರಣಗಳು ಹಲವು. ಕಲಾವಿದನ ಮುಖಭಾವ, ನೆರೆದವರ ಉತ್ಸಾಹ, ಆ ಕ್ಷಣದಲ್ಲಿ ಹುಟ್ಟುವ ಕಲ್ಪನೆ ಇವೆಲ್ಲವೂ ನಿಜವೇ. ಭೌತವಿಜ್ಞಾನ ಇವುಗಳ ಜೊತೆಗೆ ಇನ್ನೊಂದು ಕಾರಣವನ್ನು ಕೊಡುತ್ತದೆ. ಗಾಯಕನ ಕಂಠದಿಂದ ಹೊರಟ ಶಬ್ದ ನಮ್ಮ ಕಿವಿಯನ್ನು ಸೇರುವ ಮೊದಲು ಗೋಡೆ, ಮಾಡು, ಗಾಳಿ ಮತ್ತು ಪಕ್ಕದಲ್ಲಿ ಕುಳಿತವರ ಬಟ್ಟೆ ಇವೆಲ್ಲವನ್ನೂ ಹಾದು ಬರುತ್ತದೆ. ಪ್ರತಿಯೊಂದೂ ಅದನ್ನು ಸ್ವಲ್ಪ ಮಾರ್ಪಡಿಸುತ್ತದೆ. ಕಛೇರಿಯ ಸ್ಥಳವೂ ಒಂದು ವಾದ್ಯವೆಂದರೆ ತಪ್ಪಿಲ್ಲ. ಕೇಳುಗನಂತೂ ಆ ವಾದ್ಯದ ಒಂದು ಅಂಗ. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಒಂದು ಸ್ವರದೊಳಗೆ ಹಲವು ಸ್ವರ

ಕಛೇರಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಬರುವುದು ತಂಬೂರಿಯ ನಾದ. ಮಿಡಿದ ತಂತಿ ಇಡಿಯಾಗಿ ಕಂಪಿಸುತ್ತದೆ. ಜೊತೆಜೊತೆಗೆ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಕಂಪಿಸುತ್ತದೆ. ಇಡೀ ತಂತಿಯ ಕಂಪನದಿಂದ ಮೂಲಸ್ವರ ಹುಟ್ಟಿದರೆ, ಪಾಲುಗಳ ಕಂಪನದಿಂದ ಉಪಸ್ವರಗಳು ಹುಟ್ಟುತ್ತವೆ. ಷಡ್ಜಕ್ಕೆ ಸೆಕೆಂಡಿಗೆ 140 ಕಂಪನಗಳೆಂದು ಇಟ್ಟುಕೊಳ್ಳಿ. ಅದರ ಉಪಸ್ವರಗಳಿಗೆ 280, 420, 560, 700 ಹೀಗೆ ಕಂಪನಗಳಿರುತ್ತವೆ. 280 ಎಂದರೆ ಮೇಲಿನ ಷಡ್ಜ. 420 ಎಂದರೆ ಅದರ ಮೇಲಿನ ಪಂಚಮ. 560 ಇನ್ನೂ ಮೇಲಿನ ಷಡ್ಜ. 700 ಎಂದರೆ ಅದರಾಚೆಯ ಅಂತರ ಗಾಂಧಾರ. ತಂಬೂರಿಯ ಯಾವ ತಂತಿಯನ್ನೂ ಗಾಂಧಾರಕ್ಕೆ ಶ್ರುತಿ ಮಾಡಿರುವುದಿಲ್ಲ. ಆದರೂ ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ಗಾಂಧಾರ ತಾನಾಗಿ ಕೇಳಿಬರುತ್ತದೆ. ನಮ್ಮ ಹಿರಿಯರು ಇದನ್ನು ಸ್ವಯಂಭೂ ಸ್ವರವೆಂದು ಕರೆದರು.

ಈ ಉಪಸ್ವರಗಳು ತಂಬೂರಿಯಲ್ಲಿ ಇಷ್ಟೊಂದು ಪುಷ್ಟವಾಗಿರುವುದು ಏಕೆ? ಆಗ ಕಲ್ಕತ್ತೆಯಲ್ಲಿದ್ದ ಚಂದ್ರಶೇಖರ ವೆಂಕಟರಾಮನ್ ಅವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಯಾವುದೇ ಉಪಸ್ವರದ ಕಂಪನದಲ್ಲಿ ತಂತಿಯ ಕೆಲವು ಬಿಂದುಗಳು ಅಲುಗದೆ ನಿಂತಿರುತ್ತವೆ. ಅಂತಹ ಬಿಂದುವಿನಲ್ಲಿಯೇ ತಂತಿಯನ್ನು ಮಿಡಿದರೆ ಆ ಉಪಸ್ವರ ಹುಟ್ಟಲಾರದೆಂಬುದು ಹಿಂದಿನಿಂದ ಬಂದ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮಕ್ಕೆ ಒಳಪಡುವುದಿಲ್ಲವೆಂದು ರಾಮನ್ 1921ರಲ್ಲಿ ತೋರಿಸಿದರು. ಇದಕ್ಕೆ ಕಾರಣ ಅವುಗಳ ಅಗಲವಾದ, ಮೇಲ್ಮೈ ಬಾಗಿದ ಕುದುರೆ. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಒಂದು ಸಣ್ಣ ನೂಲೆಳೆಯನ್ನು ಸೇರಿಸುತ್ತಾರೆ. ಅದಕ್ಕೆ ಜೀವಾಳವೆಂದು ಹೆಸರು. ಕಂಪಿಸುವ ತಂತಿ ಕುದುರೆಯನ್ನು ಮತ್ತೆ ಮತ್ತೆ ತಾಗಿ ಬಿಡುವುದರಿಂದ ಮೇಲಿನ ಉಪಸ್ವರಗಳಿಗೆ ಶಕ್ತಿ ಒದಗುತ್ತಲೇ ಇರುತ್ತದೆ. ಜೀವಾಳವನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಬದಲಾಗುವುದು ಇದರಿಂದಲೇ.

ಮೃದಂಗದ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಬಿಗಿದು ಕಟ್ಟಿದ ಸಾಮಾನ್ಯ ಚರ್ಮವನ್ನು ಬಡಿದಾಗ ಹುಟ್ಟುವ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು, ಹೀಗೆ ಅಡ್ಡಾದಿಡ್ಡಿಯಾಗಿರುತ್ತವೆ. ಆದಕಾರಣ ಸಾಮಾನ್ಯ ಚರ್ಮವಾದ್ಯದಲ್ಲಿ ಸದ್ದು ಕೇಳುತ್ತದೆಯೇ ಹೊರತು ನಿಶ್ಚಿತವಾದ ಸ್ವರ ಸ್ಪಷ್ಟವಾಗಿ ಕೇಳುವುದಿಲ್ಲ. ಮೃದಂಗದ ಬಲಗಡೆಯ ಮುಖದ ನಡುವೆ ಪದರಪದರವಾಗಿ ಹಚ್ಚಿದ ಕಪ್ಪು ಕರಣೆ ಈ ಅವ್ಯವಸ್ಥೆಯನ್ನು ನೇರ್ಪಡಿಸುತ್ತದೆ. ಅದರ ಭಾರದಿಂದ ಉಪಸ್ವರಗಳು ಸರಿದು 2, 3, 4, 5 ಪಟ್ಟುಗಳಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಚರ್ಮವು ತಂತಿಯಂತೆ ನುಡಿಯುತ್ತದೆ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ಈ ವಿಷಯವನ್ನು ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇದೇ ವಿಷಯವಾಗಿ ಮತ್ತೊಂದು ವಿವರವಾದ ಪ್ರಬಂಧವನ್ನು ಬರೆದರು. ಯಾವ ಗಣಿತದ ಸಹಾಯವೂ ಇಲ್ಲದೆ ಕಿವಿಯೊಂದನ್ನೇ ನಂಬಿ ಈ ಕರಣೆಯನ್ನು ರೂಪಿಸಿದ ಅಜ್ಞಾತ ಕುಶಲಿಗಳ ಜಾಣ್ಮೆ ಎಷ್ಟು ದೊಡ್ಡದು!

ಉಪಸ್ವರಗಳ ವಿಷಯವನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ಒಂದು ವಾದ್ಯವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವುದು ಬಹುಮಟ್ಟಿಗೆ ಈ ಸೂಕ್ಷ್ಮ ಸ್ವರಗಳೇ. ಸಭೆಯಲ್ಲಿ ಮೊದಲು ನಷ್ಟವಾಗುವುದೂ ಇವೇ.

ಮೊದಲು ಬರುವ ಶಬ್ದ, ಹಿಂದಿನಿಂದ ಬರುವ ಶಬ್ದ

ಸಾಧಾರಣ ಉಷ್ಣತೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ವೇದಿಕೆಯಿಂದ ಹದಿನೇಳು ಮೀಟರು ದೂರದಲ್ಲಿ ಕುಳಿತವನಿಗೆ ಗಾಯಕನ ದನಿ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ತಡವಾಗಿ ತಲಪುತ್ತದೆ. ಇದು ನೇರವಾಗಿ ಬಂದ ಶಬ್ದ. ಅದರ ಬೆನ್ನಲ್ಲೇ ಪಕ್ಕದ ಗೋಡೆಗೆ ಬಡಿದು ಬಂದದ್ದು, ಮಾಡಿಗೆ ಬಡಿದು ಬಂದದ್ದು, ಹಿಂದಿನ ಗೋಡೆಯಿಂದ ಮರಳಿದ್ದು, ಎರಡು ಮೂರು ಗೋಡೆಗಳನ್ನು ಸುತ್ತಿ ಬಂದದ್ದು, ಹೀಗೆ ಸಾವಿರಾರು ಮರುಶಬ್ದಗಳು ಬರುತ್ತವೆ.

ಇವೆಲ್ಲ ಗೊಂದಲವಾಗಿ ಕೇಳಬೇಕಷ್ಟೆ? ವಿಚಿತ್ರವೆಂದರೆ ಹಾಗಾಗುವುದಿಲ್ಲ. ನೇರ ಶಬ್ದದ ಹಿಂದೆಯೇ, ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನೊಳಗಾಗಿ ಬರುವ ಮರುಶಬ್ದಗಳನ್ನು ನಮ್ಮ ಮಿದುಳು ಬೇರೆಯೆಂದು ಗಣಿಸುವುದೇ ಇಲ್ಲ. ನೇರ ಶಬ್ದಕ್ಕೆ ಸೇರಿಸಿಕೊಂಡು ಅದರ ಪುಷ್ಟಿಯನ್ನು ಹೆಚ್ಚಿಸುತ್ತದೆ. ಶಬ್ದ ಯಾವ ದಿಕ್ಕಿನಿಂದ ಬಂತೆಂಬುದನ್ನು ಮೊದಲು ಬಂದ ಅಲೆಯಿಂದಲೇ ತೀರ್ಮಾನಿಸುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಎಂಬುವರು 1949ರಲ್ಲಿ ಇದನ್ನು ಪ್ರಯೋಗಗಳಿಂದ ಸ್ಥಿರಪಡಿಸಿದರು. ನಮ್ಮ ಎರಡು ಕಿವಿಗಳ ನಡುವೆ ಶಬ್ದ ತಲಪುವ ಅಂತರ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಮೆ. ಅಷ್ಟು ಅಲ್ಪವಾದ ಅಂತರವನ್ನೂ ಅಳೆದು ‘ಪಿಟೀಲು ಎಡಗಡೆ, ಮೃದಂಗ ಬಲಗಡೆ’ ಎಂದು ಗುರುತಿಸುವ ಸಾಮರ್ಥ್ಯ ಮಿದುಳಿಗೆ ಇದೆ. ಸಭೆಯಲ್ಲಿ ಕುಳಿತವನು ಹಲವು ವಾದ್ಯಗಳ ನಡುವೆ ತನಗೆ ಬೇಕಾದ ಒಂದರ ಮೇಲೆ ಗಮನವಿಡಲು ಸಾಧ್ಯವಾಗುವುದು ಹೀಗೆ. ಒಂದೇ ಸಣ್ಣ ಧ್ವನಿವರ್ಧಕದಿಂದ ಎಲ್ಲ ವಾದ್ಯಗಳೂ ಹೊರಬೀಳುವಾಗ ಈ ಸೌಲಭ್ಯ ಇಲ್ಲವಾಗುತ್ತದೆ.

ತಡವಾಗಿ ಬರುವ ಮರುಶಬ್ದಗಳ ವಿಷಯ ಬೇರೆ. ಅವು ಒಂದರ ಮೇಲೊಂದು ಬಿದ್ದು, ಮೂಲಶಬ್ದ ನಿಂತ ಮೇಲೆಯೂ ಸ್ವಲ್ಪ ಹೊತ್ತು ಗುಂಯ್‌ಗುಡುತ್ತವೆ. ಇದಕ್ಕೆ ಅನುರಣನವೆಂದು ಹೆಸರು. ವಿಜಯಪುರದ ಗೋಲಗುಮ್ಮಟವನ್ನು ನೋಡಿದವರಿಗೆ ಇದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟದ ಕೆಳಗೆ ಒಂದು ಚಪ್ಪಾಳೆ ಹಲವು ಸಲ ಮರುಕೊಳಿಸುತ್ತದೆ. ಪಿಸುಮಾತು ಗೋಡೆಯ ಗುಂಟ ಹರಿದು ಎದುರು ಬದಿಯಲ್ಲಿ ಕೇಳಿಸುತ್ತದೆ. ನೋಡಲು ಹೋದವರಿಗೆ ಅದು ವಿನೋದ. ಅಲ್ಲಿ ಯಾರಾದರೂ ದ್ರುತಗತಿಯಲ್ಲಿ ಸ್ವರಕಲ್ಪನೆ ಮಾಡಿದರೆ ಏನಾದೀತು? ಸೆಕೆಂಡಿಗೆ ಎಂಟು ಸ್ವರಗಳಂತೆ ಹಾಡುವಾಗ ಶಬ್ದ ಮೂರು ಸೆಕೆಂಡು ಉಳಿಯುವಂತಿದ್ದರೆ, ಯಾವ ಕ್ಷಣದಲ್ಲಿಯಾದರೂ ಇಪ್ಪತ್ತನಾಲ್ಕು ಸ್ವರಗಳ ಅವಶೇಷ ಗಾಳಿಯಲ್ಲಿ ಕಲಸಿಹೋಗಿರುತ್ತದೆ.

ಹಾಗೆಂದು ಅನುರಣನ ಶತ್ರುವೇನಲ್ಲ. ಅದು ಪೂರ್ಣವಾಗಿ ಇಲ್ಲವಾದರೆ ನಾದ ಒಣಗಿದಂತೆ ಕೇಳುತ್ತದೆ. ಗಾಯಕನಿಗೆ ತನ್ನ ದನಿಯೇ ತನಗೆ ಆಸರೆಯಾಗುವುದಿಲ್ಲ. ಪಾಶ್ಚಾತ್ಯರ ಬೃಹತ್ ವಾದ್ಯಮೇಳಕ್ಕೆ ಸುಮಾರು ಎರಡು ಸೆಕೆಂಡಿನ ಅನುರಣನ ಹಿತವೆನ್ನುತ್ತಾರೆ; ಭಾಷಣಕ್ಕೆ ಒಂದು ಸೆಕೆಂಡು ಸಾಕು. ಸಾಹಿತ್ಯದ ಅಕ್ಷರಗಳೂ ಮೃದಂಗದ ಜತಿಗಳೂ ಬಿಡಿಬಿಡಿಯಾಗಿ ಕೇಳಬೇಕಾದ ನಮ್ಮ ಕಛೇರಿಗೆ ಇವೆರಡರ ನಡುವಣ ಅಳತೆ ಒಪ್ಪುತ್ತದೆ.

ಸೆಬೈನರ ಮೆತ್ತೆಗಳು

ಅನುರಣನವನ್ನು ಅಳೆದು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸೆಬೈನ್ ಎಂಬ ತರುಣ ಭೌತವಿಜ್ಞಾನಿ. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರ ಮಾತು ಒಂದಕ್ಷರವೂ ತಿಳಿಯದಂತಾಯಿತು. ಅದನ್ನು ಸರಿಪಡಿಸುವ ಹೊಣೆ ಸೆಬೈನರ ಮೇಲೆ ಬಿತ್ತು. ಅವರು ಊರು ಮಲಗಿದ ಮೇಲೆ ರಾತ್ರಿಯ ನಿಶ್ಶಬ್ದದಲ್ಲಿ ಪ್ರಯೋಗ ನಡೆಸಿದರು. ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ನಿಲ್ಲಿಸಿ, ಶಬ್ದ ಕಿವಿಗೆ ಕೇಳದಂತಾಗುವವರೆಗೆ ಕಾಲವನ್ನು ಅಳೆದರು. ಬರಿಯ ಮಂದಿರದಲ್ಲಿ ಅದು ಸುಮಾರು ಐದೂವರೆ ಸೆಕೆಂಡು! ಸಮೀಪದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಒಂದೊಂದಾಗಿ ಹರಡುತ್ತ ಹೋದರು. ಮೆತ್ತೆ ಹೆಚ್ಚಿದಂತೆಲ್ಲ ಕಾಲ ಕಡಮೆಯಾಗುತ್ತ, ಕೊನೆಗೆ ಒಂದು ಸೆಕೆಂಡಿನ ಸುಮಾರಿಗೆ ಬಂದು ನಿಂತಿತು.

ಈ ಪ್ರಯೋಗಗಳಿಂದ ಅವರು ಕಂಡುಕೊಂಡ ನಿಯಮ ಬಹು ಸರಳವಾದುದು. ಮಂದಿರದ ಗಾತ್ರವನ್ನು ಘನ ಮೀಟರುಗಳಲ್ಲಿ ಬರೆದು 0.161ರಿಂದ ಗುಣಿಸಬೇಕು, ಬಂದುದನ್ನು ಮಂದಿರದ ಒಟ್ಟು ಶಬ್ದಶೋಷಣೆಯಿಂದ ಭಾಗಿಸಬೇಕು. ದೊರೆಯುವುದೇ ಅನುರಣನ ಕಾಲ. ಎಂದರೆ ಶಬ್ದದ ತೀವ್ರತೆ ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಹಿಡಿಯುವ ಕಾಲ. ಶಬ್ದಶೋಷಣೆಯನ್ನು ಅಳೆಯಲು ಅವರು ಆರಿಸಿಕೊಂಡ ಮಾನ ತೆರೆದ ಕಿಟಕಿ. ತೆರೆದ ಕಿಟಕಿಯ ಮೂಲಕ ಹೊರಗೆ ಹೋದ ಶಬ್ದ ಮರಳುವುದಿಲ್ಲವಷ್ಟೆ? ಆದುದರಿಂದ ಒಂದು ಚದರ ಮೀಟರು ತೆರೆದ ಕಿಟಕಿಯನ್ನು ಒಂದು ಮಾನವೆಂದು ಇಟ್ಟುಕೊಂಡರೆ ಮಿಕ್ಕ ವಸ್ತುಗಳನ್ನೆಲ್ಲ ಅದಕ್ಕೆ ಹೋಲಿಸಬಹುದು. ಸೆಬೈನರ ಸಲಹೆಯಂತೆ ಕಟ್ಟಿದ ಬಾಸ್ಟನ್ ನಗರದ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಲೋಕದ ಅತ್ಯುತ್ತಮ ಸಂಗೀತ ಮಂದಿರಗಳಲ್ಲಿ ಅದನ್ನು ಇಂದಿಗೂ ಎಣಿಸುತ್ತಾರೆ.

ಕೇಳುಗನ ಬೆಲೆ ಅರ್ಧ ಕಿಟಕಿ

ಈ ಸೂತ್ರವನ್ನು ನಮ್ಮ ಊರಿನ ಮಂದಿರವೊಂದಕ್ಕೆ ಅನ್ವಯಿಸಿ ನೋಡೋಣ. ಉದ್ದ 20 ಮೀಟರು, ಅಗಲ 12 ಮೀಟರು, ಎತ್ತರ 6 ಮೀಟರಿನ ಒಂದು ಸಭಾಮಂದಿರವನ್ನು ಕಲ್ಪಿಸಿಕೊಳ್ಳಿ. ಗಾತ್ರ 1,440 ಘನ ಮೀಟರು. ಗೋಡೆ, ನೆಲ, ಮಾಡು ಎಲ್ಲ ಸೇರಿ ಹೊರಮೈ 864 ಚದರ ಮೀಟರು. ಗಾರೆ ಮತ್ತು ಕಲ್ಲು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಮಾತ್ರ ಹೀರುತ್ತವೆ. ಆದುದರಿಂದ ಒಟ್ಟು ಶೋಷಣೆ ಸುಮಾರು 26 ಮಾನ. ಕಿಟಕಿ ಬಾಗಿಲುಗಳು ಮುಚ್ಚಿದ್ದು, ಪರದೆಯಾಗಲಿ ಜನರಾಗಲಿ ಇಲ್ಲವೆಂದರೆ ಅನುರಣನ ಕಾಲ ಸುಮಾರು 8.9 ಸೆಕೆಂಡು. ಇಂತಹ ಕಡೆ ಮಾತನಾಡುವುದೂ ಕಷ್ಟ.

ಈಗ ಜನರನ್ನು ಒಳಕ್ಕೆ ಕರೆಯೋಣ. ಬಟ್ಟೆ ತೊಟ್ಟು ಕುಳಿತ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರು ತೆರೆದ ಕಿಟಕಿಯಷ್ಟು ಶಬ್ದವನ್ನು ಹೀರುತ್ತಾನೆ. 100 ಮಂದಿ ಬಂದು ಕುಳಿತರೆ ಶೋಷಣೆ 76 ಮಾನಕ್ಕೆ ಏರಿ, ಅನುರಣನ ಕಾಲ ಸುಮಾರು 3 ಸೆಕೆಂಡಿಗೆ ಇಳಿಯುತ್ತದೆ. 250 ಮಂದಿ ಬಂದರೆ ಅದು ಸುಮಾರು ಒಂದೂವರೆ ಸೆಕೆಂಡು. ಕಛೇರಿಗೆ ಹೇಳಿ ಮಾಡಿಸಿದ ಅಳತೆ! ಗೋಡೆಗಳಿಗೆ ಒಂದು ಮೊಳೆಯನ್ನೂ ಹೊಡೆಯದೆ, ಒಂದು ಪರದೆಯನ್ನೂ ಕಟ್ಟದೆ, ಸುಮ್ಮನೆ ಬಂದು ಕುಳಿತುದರಿಂದಲೇ ಶ್ರೋತೃಗಳು ಮಂದಿರವನ್ನು ಸಂಗೀತಕ್ಕೆ ಅರ್ಹವಾಗಿ ಮಾಡಿದರು. ನಿಜವಾದ ಮಂದಿರಗಳಲ್ಲಿ ಕಿಟಕಿ, ಜಮಖಾನೆ, ಕುರ್ಚಿಗಳು ಈ ಲೆಕ್ಕವನ್ನು ಅಷ್ಟಿಷ್ಟು ಬದಲಾಯಿಸುತ್ತವೆ. ಆದರೆ ತತ್ತ್ವ ಒಂದೇ. ಖಾಲಿ ಮಂದಿರದಲ್ಲಿ ಮಧ್ಯಾಹ್ನ ಮಾಡಿ ನೋಡಿದ ಧ್ವನಿವ್ಯವಸ್ಥೆ ಸಂಜೆ ಜನ ತುಂಬಿದ ಮೇಲೆ ಬೇರೆಯಾಗಿ ಕೇಳುವುದೂ ಇದೇ ಕಾರಣದಿಂದ. ‘ನಾನೊಬ್ಬ ಹೋಗದಿದ್ದರೆ ಏನಾದೀತು?’ ಎನ್ನುವ ರಸಿಕನಿಗೆ ಭೌತವಿಜ್ಞಾನ ಹೇಳುವ ಉತ್ತರವಿದು: ಅರ್ಧ ಚದರ ಮೀಟರು ಕಿಟಕಿ ಮುಚ್ಚಿದಂತಾದೀತು.

ಚಪ್ಪರದಲ್ಲಿ, ಬಯಲಿನಲ್ಲಿ

ನಮ್ಮ ದೇಶದ ಸಂಗೀತಸಭೆಗಳಲ್ಲಿ ಎಷ್ಟೋ ಗೋಡೆಗಳೇ ಇಲ್ಲದ ಜಾಗಗಳಲ್ಲಿ ನಡೆಯುತ್ತವೆ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲಿನ ಮೈದಾನದಲ್ಲಿ ಹಾಕಿದ ಚಪ್ಪರದ ಕೆಳಗೆ ದೇಶದ ಶ್ರೇಷ್ಠ ಕಲಾವಿದರು ಹಾಡಿದ್ದಾರೆ. ಶ್ರೀ ರಾಮಸೇವಾ ಮಂಡಲಿಯ ಆ ಉತ್ಸವ ಆರಂಭವಾದುದು 1939ರಲ್ಲಿ. ಇಂತಹ ಕಡೆ ಅನುರಣನದ ತೊಂದರೆಯಿಲ್ಲ. ಆದರೆ ಅದರ ಸಹಾಯವೂ ಇಲ್ಲ. ದೂರ ಎರಡರಷ್ಟಾದಾಗ ಶಬ್ದದ ತೀವ್ರತೆ ನಾಲ್ಕನೆಯ ಒಂದು ಪಾಲಾಗುತ್ತದೆ. ಗಾಯಕನಿಂದ 2 ಮೀಟರು ದೂರದಲ್ಲಿರುವವನಿಗೆ ಕೇಳುವುದರ 256ನೆಯ ಒಂದು ಪಾಲು ಮಾತ್ರ 32 ಮೀಟರು ದೂರದಲ್ಲಿರುವವನಿಗೆ ದೊರೆಯುತ್ತದೆ. ಮಕ್ಕಳ ಅಳು, ರಸ್ತೆಯ ವಾಹನಗಳ ಸದ್ದು ಇವುಗಳ ನಡುವೆ ಅಷ್ಟು ಸಣ್ಣ ಶಬ್ದ ಉಳಿಯುವುದೆಂತು?

ಧ್ವನಿವರ್ಧಕಗಳು ಬರುವುದಕ್ಕೆ ಮುಂಚೆ ಕಲಾವಿದರು ಈ ತೊಡಕನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದರು. ಗಾಯಕರು ಎತ್ತರದ ಶ್ರುತಿಯಲ್ಲಿ ತುಂಬುಕಂಠದಿಂದ ಹಾಡುವುದನ್ನು ರೂಢಿಸಿಕೊಂಡರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ನುಡಿಸಿದರು. ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂಬುದು ಅದರ ಉದ್ದೇಶ. ಅವರ ನೆನಪಿಗಾಗಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಆರಂಭವಾಯಿತು.

ಯಕ್ಷಗಾನದ ಬಯಲಾಟಕ್ಕೆ ಪ್ರಕೃತಿಯೇ ಒಂದು ಸಹಾಯವನ್ನು ಒದಗಿಸಿದೆ. ರಾತ್ರಿಯ ಹೊತ್ತು ಚೆಂಡೆಯ ಸದ್ದು ಮೈಲುಗಟ್ಟಲೆ ದೂರಕ್ಕೆ ಕೇಳಿ ಬರುವುದನ್ನು ಕರಾವಳಿಯವರೆಲ್ಲ ಬಲ್ಲರು. ರಾತ್ರಿಯ ನಿಶ್ಶಬ್ದವಷ್ಟೇ ಇದಕ್ಕೆ ಕಾರಣವಲ್ಲ. ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿಯೂ ತಣ್ಣನೆಯ ಗಾಳಿಯಲ್ಲಿ ನಿಧಾನವಾಗಿಯೂ ಸಾಗುತ್ತದೆ. ಹಗಲಿನಲ್ಲಿ ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿರುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಆಕಾಶದ ಕಡೆಗೆ ಹೋಗಿಬಿಡುತ್ತವೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಪದರ ಅದಕ್ಕಿಂತ ಬೆಚ್ಚಗೆ ಉಳಿಯುತ್ತದೆ. ಆಗ ಮೇಲಕ್ಕೆ ಹೊರಟ ಅಲೆಗಳೂ ಬಾಗಿ ಮತ್ತೆ ನೆಲದ ಕಡೆಗೆ ಇಳಿಯುತ್ತವೆ. ಊರಿಗೆಲ್ಲ ಆಟದ ಕರೆಯನ್ನು ಮುಟ್ಟಿಸುವ ಚೆಂಡೆ ಹೀಗೆ ತಣಿದ ನೆಲದ ನೆರವನ್ನು ಪಡೆಯುತ್ತದೆ.

ಧ್ವನಿವರ್ಧಕದ ಉಪಕಾರ ಮತ್ತು ಅಪಕಾರ

ಧ್ವನಿವರ್ಧಕ ಬಂದ ಮೇಲೆ ಸಾವಿರಾರು ಜನ ಒಂದೇ ಕಛೇರಿಯನ್ನು ಕೇಳುವುದು ಸಾಧ್ಯವಾಯಿತು. ಪಿಸುಗುಟ್ಟುವಷ್ಟು ಮೆಲ್ಲಗೆ ಹಾಡುವ ಸ್ವಾತಂತ್ರ್ಯವೂ ಗಾಯಕನಿಗೆ ದೊರೆಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅದನ್ನು ಬಳಸುವಾಗ ಶಬ್ದದ ನಿಯಮಗಳನ್ನು ಮರೆಯಬಾರದು.

ಉದ್ದನೆಯ ಚಪ್ಪರದ ಕಂಬಗಳಿಗೆಲ್ಲ ಧ್ವನಿವರ್ಧಕಗಳನ್ನು ಕಟ್ಟುವ ಪದ್ಧತಿಯುಂಟು. ತಂತಿಯಲ್ಲಿ ವಿದ್ಯುತ್ತು ಕ್ಷಣಮಾತ್ರದಲ್ಲಿ ಹರಿಯುತ್ತದೆ. ಶಬ್ದವಾದರೋ 34 ಮೀಟರು ಸಾಗಲು ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. ಹಿಂದೆ ಕುಳಿತವನಿಗೆ ಪಕ್ಕದ ಕಂಬದ ದನಿ ಮೊದಲು, ವೇದಿಕೆಯ ದನಿ ಆಮೇಲೆ! ಒಂದೊಂದು ಅಕ್ಷರವೂ ಎರಡೆರಡಾಗಿ ಕೇಳುತ್ತದೆ. ಇದಕ್ಕೆ ಪರಿಹಾರ ಹಾಸ್ ಅವರ ಪ್ರಯೋಗದಲ್ಲಿಯೇ ಇದೆ. ಹಿಂದಿನ ಧ್ವನಿವರ್ಧಕಗಳಿಗೆ ಹೋಗುವ ಸಂಕೇತವನ್ನು ದೂರಕ್ಕೆ ತಕ್ಕಷ್ಟು ತಡೆದು, ವೇದಿಕೆಯ ಶಬ್ದಕ್ಕಿಂತ ತುಸು ಹಿಂದಾಗಿ ಹೊರಡಿಸಿದರೆ, ದನಿ ಗಾಯಕನ ಬಾಯಿಂದಲೇ ಬಂದಂತೆ ಕೇಳುತ್ತದೆ. ಇಂದಿನ ಯಂತ್ರಗಳಲ್ಲಿ ಈ ಏರ್ಪಾಡು ಸುಲಭ.

ಇನ್ನೊಂದು ಅಪಕಾರ ಇದಕ್ಕಿಂತ ಸೂಕ್ಷ್ಮವಾದುದು. ಗಟ್ಟಿಯಾದ ಕೆಳಸ್ಥಾಯಿಯ ಶಬ್ದ ಅದಕ್ಕಿಂತ ಮೇಲಿನ ಮೆಲುಶಬ್ದಗಳನ್ನು ಕಿವಿಯಲ್ಲಿ ಮುಚ್ಚಿಬಿಡುತ್ತದೆ. ಧ್ವನಿವರ್ಧಕವನ್ನು ಮಿತಿಮೀರಿ ಏರಿಸಿದಾಗ ತಂಬೂರಿಯ ಸ್ವಯಂಭೂ ಗಾಂಧಾರವೂ ಕರಣೆಯ ಸುನಾದವೂ ಅಡಗಿಹೋಗುವುದು ಹೀಗೆ. ಶಬ್ದ ಹೆಚ್ಚಾಗುತ್ತದೆ, ಸಂಗೀತ ಕಡಮೆಯಾಗುತ್ತದೆ.

ಮತ್ತೆ ಹುಟ್ಟದ ಕೋಶಗಳು

ಸಂಗೀತದ ಸೊಗಸು ಕೆಟ್ಟರೆ ಮುಂದಿನ ಕಛೇರಿಯಲ್ಲಿ ಸರಿಪಡಿಸಿಕೊಳ್ಳಬಹುದು. ಕಿವಿಯೇ ಕೆಟ್ಟರೆ ಸರಿಪಡಿಸಿಕೊಳ್ಳುವಂತಿಲ್ಲ. ಆದುದರಿಂದ ತರುಣ ಓದುಗರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು.

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಕೋಶಗಳ ತುದಿಯಲ್ಲಿರುವ ಸೂಕ್ಷ್ಮ ಎಳೆಗಳು ಶಬ್ದದ ಅಲೆಗಳಿಗೆ ಬಾಗಿ, ಆ ಚಲನೆಯನ್ನು ನರಗಳು ಒಯ್ಯಬಲ್ಲ ಸಂಕೇತವಾಗಿ ಮಾರ್ಪಡಿಸುತ್ತವೆ. ಅತಿಯಾದ ಶಬ್ದ ಈ ಕೋಶಗಳನ್ನು ಬಳಲಿಸುತ್ತದೆ. ಬಳಲಿಕೆ ಮಿತಿಮೀರಿದರೆ ಅವು ಸಾಯುತ್ತವೆ. ಹಕ್ಕಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ. ಮೊದಲು ಸಾಯುವವು ಸಾಮಾನ್ಯವಾಗಿ ಮೇಲುಸ್ಥಾಯಿಯ ಶಬ್ದಗಳನ್ನು ಗ್ರಹಿಸುವ ಕೋಶಗಳು. ಎಂದರೆ, ಸಂಗೀತಕ್ಕೆ ಜೀವ ಕೊಡುವ ಉಪಸ್ವರಗಳನ್ನೇ ನಾವು ಮೊದಲು ಕಳೆದುಕೊಳ್ಳುತ್ತೇವೆ.

ಶಬ್ದವನ್ನು ಅಳೆಯುವ ಮಾನ ಡೆಸಿಬೆಲ್. ಈ ಅಳತೆಯಲ್ಲಿ 3 ಹೆಚ್ಚಿದರೆ ಶಬ್ದದ ತೀವ್ರತೆ ಎರಡರಷ್ಟಾಯಿತೆಂದೂ 10 ಹೆಚ್ಚಿದರೆ ಹತ್ತರಷ್ಟಾಯಿತೆಂದೂ ತಿಳಿಯತಕ್ಕದ್ದು. ಕೆಲಸದ ಜಾಗಗಳಿಗೆ ಅನ್ವಯಿಸುವ ಒಂದು ಪ್ರಸಿದ್ಧ ಅಮೆರಿಕನ್ ಮಾರ್ಗಸೂಚಿಯಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಶಬ್ದ 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧಕ್ಕೆ ಇಳಿಯಬೇಕು. ಲೆಕ್ಕ ಮಾಡಿ ನೋಡಿ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತಸಭೆಗಳಿಗೆಂದೇ ಒಂದು ಮಾನದಂಡವನ್ನು ಹೊರಡಿಸಿ, ಸರಾಸರಿ ಶಬ್ದ 100 ಡೆಸಿಬೆಲ್ಲನ್ನು ಮೀರಬಾರದೆಂದು ಹೇಳಿತು. 12ರಿಂದ 35 ವರ್ಷದವರಲ್ಲಿ ನೂರು ಕೋಟಿಗೂ ಹೆಚ್ಚು ಮಂದಿ ಗಟ್ಟಿಯಾದ ಸಂಗೀತದಿಂದ ಕಿವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ಅದೇ ಸಂಸ್ಥೆ ಎಣಿಸಿದೆ. ಉತ್ಸವದ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಧ್ವನಿವರ್ಧಕಗಳ ಮುಂದೆಯೇ ಕುಣಿಯುವವರು ಈ ಲೆಕ್ಕವನ್ನು ನೆನಪಿಡಬೇಕು.

ನಮ್ಮ ದೇಶದಲ್ಲಿಯೂ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣದಲ್ಲಿ ಧ್ವನಿವರ್ಧಕಗಳನ್ನು ಬಳಸುವುದನ್ನು ತಡೆಯುತ್ತವೆ. ಸಾಂಸ್ಕೃತಿಕ ಮತ್ತು ಧಾರ್ಮಿಕ ಉತ್ಸವಗಳಿಗಾಗಿ ವರ್ಷದಲ್ಲಿ ಹದಿನೈದು ದಿನಗಳಿಗೆ ಮೀರದಂತೆ, ನಡುರಾತ್ರಿಯವರೆಗೆ ರಾಜ್ಯ ಸರ್ಕಾರಗಳು ಅನುಮತಿ ಕೊಡಬಹುದು. ಇಡೀ ರಾತ್ರಿ ನಡೆಯುತ್ತಿದ್ದ ಯಕ್ಷಗಾನವನ್ನು ಈಗ ಹಲವು ಮೇಳಗಳು ಕಾಲಮಿತಿಗೆ ಒಳಪಟ್ಟು ಆಡುತ್ತಿವೆ. ಕಲೆಯ ಸಂಪ್ರದಾಯಕ್ಕೂ ಮಲಗಿದವರ ನಿದ್ದೆಗೂ ನಡುವೆ ನ್ಯಾಯ ಹೇಳುವುದು ಸುಲಭವಲ್ಲ. ಆದರೆ ತಗ್ಗಿಸಿದ ಧ್ವನಿವರ್ಧಕ ಇಬ್ಬರಿಗೂ ಹಿತವೆಂಬುದರಲ್ಲಿ ಸಂಶಯವಿಲ್ಲ.

ಮುಂದಿನ ಸಭೆಗೆ ಹೋದಾಗ

ಇಷ್ಟನ್ನು ತಿಳಿದ ಓದುಗರು ಮುಂದಿನ ಸಭೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಳ್ಳಬಹುದು. ಸ್ವಲ್ಪ ಮುಂಚಿತವಾಗಿ ಹೋಗಿ, ಮಂದಿರ ಬರಿದಾಗಿರುವಾಗ ಒಂದು ಚಪ್ಪಾಳೆ ತಟ್ಟಿ, ಅದು ಎಷ್ಟು ಹೊತ್ತು ಉಳಿಯುತ್ತದೆಂದು ಗಮನಿಸಿ. ಜನ ತುಂಬಿದ ಮೇಲೆ ಶ್ರುತಿ ಮಾಡುವ ಮೃದಂಗದ ಹೊಡೆತವೊಂದು ಎಷ್ಟು ಬೇಗ ಆರುತ್ತದೆಂಬುದನ್ನು ಅದಕ್ಕೆ ಹೋಲಿಸಿ. ತಂಬೂರಿಯ ನಾದದಲ್ಲಿ ಗಾಂಧಾರವನ್ನು ಹುಡುಕಿ. ಮೊದಲ ಸಲ ಸಿಕ್ಕದಿದ್ದರೆ ಎರಡನೆಯ ಸಲ ಸಿಕ್ಕೀತು. ಬಯಲಾಟಕ್ಕೆ ಹೋದರೆ, ಧ್ವನಿವರ್ಧಕ ಹತ್ತಿರವಿಲ್ಲದ ಕಡೆ ರಂಗಸ್ಥಳದಿಂದ ನೂರು ಮೀಟರು ಹಿಂದೆ ನಿಂತು ಚೆಂಡೆಯ ಕೋಲನ್ನು ನೋಡಿ. ಕೋಲು ಬಿದ್ದ ಮೇಲೆ ಸೆಕೆಂಡಿನ ಹತ್ತನೆಯ ಮೂರು ಪಾಲಿನಷ್ಟು ತಡವಾಗಿ ಸದ್ದು ಬರುವುದು ಕಣ್ಣಿಗೂ ಕಿವಿಗೂ ಸ್ಪಷ್ಟವಾದೀತು.

ಕುಳಿತುಕೊಳ್ಳಲು ಎಲ್ಲಿ ಒಳ್ಳೆಯದು? ಧ್ವನಿವರ್ಧಕದ ಬಾಯಿಯೆದುರು ಬೇಡ. ಹಿಂಗೋಡೆಗೆ ಒರಗಿದಂತೆಯೂ ಬೇಡ. ಮೊದಲ ಸಾಲುಗಳಿಂದ ತುಸು ಹಿಂದೆ, ನಡುವಿನಲ್ಲಿ ಕುಳಿತವನಿಗೆ ನೇರ ಶಬ್ದವೂ ಗೋಡೆಗಳ ಶಬ್ದವೂ ಹದವಾಗಿ ದೊರೆಯುತ್ತವೆ. ಪಕ್ಕದವನೊಡನೆ ಮಾತನಾಡಲು ಕೂಗಬೇಕಾಗಿ ಬಂದರೆ ಶಬ್ದ ಮಿತಿಮೀರಿದೆಯೆಂದು ತಿಳಿಯಿರಿ. ದೂರ ಸರಿಯಿರಿ, ಇಲ್ಲವೆ ಕಿವಿಗೆ ಹತ್ತಿಯ ಬದಲು ಔಷಧದ ಅಂಗಡಿಯಲ್ಲಿ ದೊರೆಯುವ ಕಿವಿಬಿರಡೆಗಳನ್ನು ಹಾಕಿಕೊಳ್ಳಿ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಅದು ರೋಮಕೋಶಗಳ ದೂರು. ಒಂದೆರಡು ದಿನ ಕಿವಿಗೆ ವಿಶ್ರಾಂತಿ ಕೊಡಿ. ಸದ್ದು ಹಾಗೆಯೇ ಮುಂದುವರಿದರೆ ವೈದ್ಯರಿಗೆ ತೋರಿಸಿ.

ಶಾಲೆ ಕಾಲೇಜುಗಳಲ್ಲಿ ಸಂಗೀತದ ಸಭೆಗಳನ್ನು ಏರ್ಪಡಿಸುವವರು ಬಹುಮಟ್ಟಿಗೆ ವಿದ್ಯಾರ್ಥಿಗಳೇ. ಮುಂದಿನ ವಾರ್ಷಿಕೋತ್ಸವದಲ್ಲಿ ಧ್ವನಿವರ್ಧಕದವನಿಗೆ ‘ಇನ್ನೂ ಏರಿಸು’ ಎನ್ನುವ ಮೊದಲು ಮಂದಿರದ ಕೊನೆಯ ಸಾಲಿಗೆ ನಡೆದು ಹೋಗಿ ಕಿವಿಗೊಟ್ಟು ನೋಡಲಿ. ಅಲ್ಲಿ ಸಾಹಿತ್ಯದ ಅಕ್ಷರ ಬಿಡಿಸಿ ಕೇಳಿ, ಅದರ ಹಿಂದೆ ತಂಬೂರಿಯೂ ಕೇಳುತ್ತಿದ್ದರೆ ಅಷ್ಟೇ ಸಾಕು. ಗುಂಡಿಯನ್ನು ಅಲ್ಲಿಗೇ ನಿಲ್ಲಿಸಲಿ.